ಭ್ರಮರ, ಕೀಟ ಮತ್ತು ನಾನು

ಭ್ರಮರ-ಕೀಟ ನ್ಯಾಯವೆಂಬ ದೃಷ್ಟಾಂತವನ್ನು ಕೇಳದವರು ನಮ್ಮಲ್ಲಿ ವಿರಳ. ಕಣಜವು ಎಲ್ಲಿಂದಲೋ ಒಂದು ಹುಳುವನ್ನು ಹಿಡಿದು ತಂದು ತನ್ನ ಮಣ್ಣಿನ ಗೂಡಿನಲ್ಲಿ ಸೆರೆಯಿಡುತ್ತದೆ. ಸೆರೆಸಿಕ್ಕ ಹುಳು ಭಯದಿಂದ ಹಗಲಿರುಳೂ ಕಣಜವನ್ನೇ ನೆನೆಯುತ್ತ, ಕೊನೆಗೆ ತಾನೂ ಕಣಜವೇ ಆಗಿ ಹಾರಿಹೋಗುತ್ತದೆ. ಯಾವುದನ್ನು ಅನವರತ ಧ್ಯಾನಿಸುತ್ತೇವೆಯೋ ಅದೇ ಆಗುತ್ತೇವೆ ಎಂಬುದಕ್ಕೆ ನಮ್ಮ ಹಿರಿಯರು ಕೊಟ್ಟ ನಿದರ್ಶನವಿದು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ಮೂವತ್ತು ವರ್ಷಗಳಲ್ಲಿ ಇದನ್ನು ನಾನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಕಣಜ ಗೂಡು ಕಟ್ಟುವುದನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಅವಕಾಶವಿರಲಿಲ್ಲವೆಂದಲ್ಲ, ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲೇ ಪ್ರತಿ ವರ್ಷವೂ ಗೂಡುಗಳು ಏಳುತ್ತಿದ್ದವು. ನಾನು ನೋಡಲಿಲ್ಲ, ಏಕೆಂದರೆ ನನಗೆ ಭಯ.

ಈ ಭಯಕ್ಕೊಂದು ಪೂರ್ವಕಥೆಯುಂಟು. ನನಗಾಗ ಎಂಟು ವರ್ಷ. ಮಲೆನಾಡಿನ ಅಜ್ಜಿಯ ಮನೆಯಲ್ಲಿ ಒಂದು ಬೆಳಿಗ್ಗೆ ದೇವರ ಪೂಜೆಗೆ ದಾಸವಾಳ ಕೊಯ್ಯಲು ಹೋದೆ. ಎಲೆಗಳ ಮರೆಯಲ್ಲಿ ಬೂದುಬಣ್ಣದ ಕಾಗದದಂಥ ಒಂದು ಗೂಡು ತೂಗುತ್ತಿತ್ತು. ಅದನ್ನು ನೋಡದೆ ಕೊಂಬೆಯನ್ನು ಜಗ್ಗಿದೆ. ಮುಂದಿನದು ಇಷ್ಟೇ ನೆನಪು: ಕಿವಿಯಲ್ಲಿ ಗುಂಯ್ ಎಂಬ ಸದ್ದು, ಹಣೆಯ ಮೇಲೆ ಬೆಂಕಿ, ಅಜ್ಜಿ ಹಚ್ಚಿದ ಸುಣ್ಣ. ಎರಡು ದಿನ ಒಂದು ಕಣ್ಣು ತೆರೆಯಲಾಗಲಿಲ್ಲ. ಊತ ಇಳಿಯಿತು, ಭಯ ಇಳಿಯಲಿಲ್ಲ. ಅದು ಕಣಜದಿಂದ ಜೇನಿಗೆ, ಜೇನಿನಿಂದ ದುಂಬಿಗೆ, ಕಡೆಗೆ ಮುಳ್ಳೂ ರೆಕ್ಕೆಯೂ ಇಲ್ಲದ ಬಡಪಾಯಿ ಜೇಡಕ್ಕೂ ಹಬ್ಬಿತು. ಹಿತ್ತಲು ನನ್ನ ಹೆಂಡತಿಯ ಪಾಲಾಯಿತು. ಹೀರೆಯ ಚಪ್ಪರ, ನಿಂಬೆ, ಮಲ್ಲಿಗೆ ಎಲ್ಲವೂ ಆಕೆಯದೇ ಆರೈಕೆ. ನಾನು ಬಾಗಿಲಲ್ಲಿ ನಿಂತು ಸಲಹೆ ಕೊಡುತ್ತಿದ್ದೆ.

ಹೀಗೇ ಕಾಲ ಕಳೆದುಬಿಡಬಹುದಿತ್ತು. ಆದರೆ ಒಂದು ಬೇಸಗೆ ರಜೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳು ಮನೆಗೆ ಬಂದಳು. ಮೊದಲ ವಾರ ಹಿತ್ತಲಿನಲ್ಲೆಲ್ಲ ಓಡಾಡಿಕೊಂಡಿದ್ದ ಮಗು ಎರಡನೆಯ ವಾರ ಜೇಡವೊಂದನ್ನು ಕಂಡು ಕಿಟಾರನೆ ಕಿರುಚಿ, ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡು ಒಳಗೆ ಓಡಿಬಂದಳು. ಅವಳನ್ನು ಯಾವ ಹುಳುವೂ ಕಚ್ಚಿರಲಿಲ್ಲ. ಆದರೆ ಆ ಕಿರುಚು, ಆ ಕೈ, ಆ ಓಟ ಮೂರೂ ನನ್ನವೇ. ನನ್ನ ಹೆಂಡತಿ ಮಗುವನ್ನು ಸಮಾಧಾನಪಡಿಸಿ, ನನ್ನ ಕಡೆ ತಿರುಗಿ, “ಮಗುವಿಗೆ ಆಸ್ತಿ ಬಿಟ್ಟುಹೋಗದಿದ್ದರೂ ಚಿಂತೆಯಿಲ್ಲ, ಇದೊಂದನ್ನು ಮಾತ್ರ ಬಿಟ್ಟುಹೋಗಬೇಡಿ” ಎಂದಳು. ನಾನು ಉತ್ತರ ಕೊಡಲಿಲ್ಲ, ಕೊಡಲು ಉತ್ತರವಿರಲಿಲ್ಲ.

ಭಯವು ನೋಡಿ ಕಲಿಯುವ ವಿದ್ಯೆಯೂ ಹೌದು ಎಂಬುದಕ್ಕೆ ವಿಜ್ಞಾನದ ಆಧಾರವಿದೆ. 1984ರಲ್ಲಿ ಸೂಸನ್ ಮಿನೆಕಾ ಎಂಬ ಅಮೆರಿಕದ ಮನೋವಿಜ್ಞಾನಿಯೂ ಅವರ ಸಂಗಡಿಗರೂ ಕೋತಿಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಪ್ರಯೋಗಾಲಯದಲ್ಲೇ ಬೆಳೆದ ಎಳೆಯ ಕೋತಿಗಳಿಗೆ ಹಾವೆಂದರೆ ಭಯವಿರಲಿಲ್ಲ. ಕಾಡಿನಲ್ಲಿ ಬೆಳೆದ ಅವುಗಳ ತಂದೆತಾಯಿಗಳು ಹಾವನ್ನು ಕಂಡು ಬೆದರುವುದನ್ನು ಕೆಲವು ಸಲ ನೋಡಿದ್ದೇ ತಡ, ಹೆಚ್ಚಿನ ಎಳೆಯ ಕೋತಿಗಳು ತಾವೂ ಬೆದರತೊಡಗಿದವು. ಮೂರು ತಿಂಗಳ ಮೇಲೂ ಆ ಭಯ ಮಾಸಲಿಲ್ಲ. ಎರಡು ವರ್ಷಗಳ ನಂತರ ಇದೇ ಮಿನೆಕಾ ಇನ್ನೊಂದು ಮಾತನ್ನು ತೋರಿಸಿದರು. ಹಾವಿನೆದುರು ನಿರ್ಭಯವಾಗಿರುವ ಕೋತಿಯನ್ನು ಮೊದಲೇ ನೋಡಿದ್ದ ಎಳೆಯವುಗಳಲ್ಲಿ ಹೆಚ್ಚಿನವಕ್ಕೆ, ಮುಂದೆ ಬೆದರಿದ ಕೋತಿಯನ್ನು ಕಂಡರೂ ಭಯ ಅಂಟಲಿಲ್ಲ. ದೇವಿ ಹಾಕಿಸಿದ ಮಗುವಿಗೆ ಸಿಡುಬು ತಟ್ಟದಂತೆ! ಆಗ ನನಗೆ ಕರ್ತವ್ಯ ಸ್ಪಷ್ಟವಾಯಿತು. ಮಗುವಿಗೆ ಧೈರ್ಯದ ಉಪದೇಶ ಮಾಡಿ ಪ್ರಯೋಜನವಿಲ್ಲ. ನಾನು ಹಿತ್ತಲಿನಲ್ಲಿ ನಿಂತಿರುವುದು ಅವಳ ಕಣ್ಣಿಗೆ ಬೀಳಬೇಕು.

ನಿಲ್ಲುವುದು ಹೇಗೆ? ಇದಕ್ಕೂ ದಾರಿ ತೋರಿದವರಿದ್ದಾರೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಚಿಕ್ಕ ಹುಡುಗನ ವೃತ್ತಾಂತವನ್ನು ಬರೆದರು. ಹುಡುಗ ತನಗೆ ಪ್ರಿಯವಾದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ಅವನು ಸಹಿಸಿದಷ್ಟೇ ಹತ್ತಿರ ತರುತ್ತ ಹೋದರು. ಕೊನೆಗೆ ಅವನು ಮೊಲವನ್ನು ಮುದ್ದಿಸತೊಡಗಿದ. 1958ರಲ್ಲಿ ಜೋಸೆಫ್ ವೋಲ್ಪೆ ಎಂಬ ವೈದ್ಯರು ತಮ್ಮ ಗ್ರಂಥದಲ್ಲಿ ಇಂಥದೇ ತತ್ತ್ವವನ್ನು ಚಿಕಿತ್ಸೆಯ ಕ್ರಮವಾಗಿ ವಿಸ್ತರಿಸಿದರು. ಭಯಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಕೆಳಗಿನ ಮೆಟ್ಟಿಲಿನಲ್ಲಿ ಮನಸ್ಸು ನೆಮ್ಮದಿಯಾದ ಮೇಲಷ್ಟೇ ಮುಂದಿನದಕ್ಕೆ ಕಾಲಿಡುವುದು ಇದರ ಸಾರ.

ನಾನೂ ಒಂದು ಏಣಿಯನ್ನು ಬರೆದುಕೊಂಡೆ. ಮೊದಲ ಮೆಟ್ಟಿಲು, ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಕುಳಿತು ನೋಡುವುದು. ಎರಡನೆಯದು, ಬಾಗಿಲಾಚೆಯ ಕಲ್ಲಿನ ಮೇಲೆ ಕೂರುವುದು. ಮೂರನೆಯದು, ಜೇಡದ ಬಲೆಯಿಂದ ಹತ್ತು ಅಡಿ, ನಂತರ ಐದು, ಆಮೇಲೆ ಒಂದು ಮಾರು. ಪೀಟರನಿಗೆ ತಿಂಡಿಯಿದ್ದಂತೆ ನನಗೆ ಕಾಫಿಯ ಲೋಟ. ನಿಯಮ ಒಂದೇ: ಎದೆಬಡಿತ ತಗ್ಗುವ ಮುನ್ನ ಓಡಬಾರದು. ಹೆದರಿ ಓಡಿದಾಗ ಸಿಗುವ ನೆಮ್ಮದಿಯೇ ಭಯಕ್ಕೆ ಉಣಿಸುವ ಅನ್ನ; ಪ್ರತಿ ಓಟದಿಂದಲೂ ಅದು ಪುಷ್ಟವಾಗುತ್ತದೆ.

ಕಿಟಕಿಯ ಹಿಂದೆ ಕುಳಿತ ಮೊದಲ ವಾರದಲ್ಲೇ, ಚೌಕಟ್ಟಿನ ಹೊರಮೂಲೆಯಲ್ಲಿ ತೆಳುಸೊಂಟದ ಕಣಜವೊಂದು ಮಣ್ಣಿನ ಉಂಡೆ ತಂದು ಮೆತ್ತತೊಡಗಿತು. ನೋಡುನೋಡುತ್ತಿದ್ದಂತೆ ಕುಂಬಾರನ ಚಕ್ರದಿಂದ ಇಳಿದಂಥ ಪುಟ್ಟ ಗಡಿಗೆ, ಅದಕ್ಕೊಂದು ಕಂಠ! ಮಾರನೆಯ ದಿನ ಅದು ಹಸುರು ಹುಳುಗಳನ್ನು ಒಂದೊಂದಾಗಿ ತಂದು ಒಳಗೆ ತುರುಕಿ ಬಾಯಿ ಮುಚ್ಚಿತು. ನನ್ನ ಭ್ರಮರ, ನನ್ನ ಕೀಟ! ಮೂವತ್ತು ವರ್ಷ ಹೇಳಿದ ಪಾಠ ಎರಡು ಅಡಿ ದೂರದಲ್ಲಿ ನಡೆಯುತ್ತಿತ್ತು.

ನಡೆಯುವುದು ನಾನು ಹೇಳಿದಂತಲ್ಲ ಎಂಬುದನ್ನೂ ಆಮೇಲೆ ಓದಿ ತಿಳಿದೆ. ತಾಯಿಕಣಜ ಗಡಿಗೆಯ ಒಳಛಾವಣಿಗೆ ಎಳೆಯೊಂದರಿಂದ ತೂಗುವಂತೆ ಮೊಟ್ಟೆಯಿಡುತ್ತದೆ. ಹುಳುಗಳನ್ನು ಮುಳ್ಳಿನಿಂದ ಚುಚ್ಚಿ, ಸಾಯದಂತೆ, ಆದರೆ ಅಲುಗಾಡಲಾಗದಂತೆ ಮಾಡಿ ತುಂಬುತ್ತದೆ. ಮೊಟ್ಟೆಯೊಡೆದು ಬಂದ ಮರಿ ಆ ಹುಳುಗಳನ್ನು ತಿಂದು ಬೆಳೆದು ಕಣಜವಾಗಿ ಹೊರಬರುತ್ತದೆ. ಹುಳು ಕಣಜವಾಗುವುದಿಲ್ಲ, ಕಣಜಕ್ಕೆ ಆಹಾರವಾಗುತ್ತದೆ. ಹಿರಿಯರ ದೃಷ್ಟಾಂತ ಕೀಟಶಾಸ್ತ್ರಕ್ಕೆ ಒಪ್ಪದಿದ್ದರೂ ನನ್ನ ಪಾಲಿಗೆ ಹೊಸ ಅರ್ಥ ಕೊಟ್ಟಿತು: ಭಯವನ್ನೇ ಧ್ಯಾನಿಸುತ್ತ ಕುಳಿತವನು ಭಯಕ್ಕೆ ಆಹಾರವಾಗುತ್ತಾನೆ.

ಪರಿಚಯ ಬೆಳೆದಂತೆ, ನನ್ನ ಒಂದೇ ದೊಡ್ಡ ಭಯ ಅನೇಕ ಚಿಕ್ಕಚಿಕ್ಕ ತಿಳಿವಳಿಕೆಗಳಾಗಿ ಒಡೆಯಿತು. ಈ ಕುಂಬಾರ ಕಣಜ ಒಂಟಿಜೀವಿ. ಕೈಯಲ್ಲಿ ಹಿಸುಕಿದರೆ ಚುಚ್ಚೀತೇ ಹೊರತು ಗೂಡಿನ ರಕ್ಷಣೆಗೆಂದು ಸಾಮಾನ್ಯವಾಗಿ ಮೇಲೆ ಬೀಳುವುದಿಲ್ಲ. ಚಪ್ಪರದ ಬಿದಿರನ್ನು ಕೊರೆಯುವ ಕಪ್ಪು ದುಂಬಿಗಳಲ್ಲಿ ಗಂಡಿಗೆ ಮುಳ್ಳೇ ಇಲ್ಲ. ಜೇನು, ಕಣಜಗಳಲ್ಲಿಯೂ ಅಷ್ಟೆ. ಮುಳ್ಳೆಂಬುದು ಮೊಟ್ಟೆಯಿಡುವ ಅಂಗದ ಮಾರ್ಪಾಟು, ಹೆಣ್ಣಿನ ಸೊತ್ತು. ದಾಸವಾಳದ ನಡುವೆ ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಗುಣಾಕಾರದ ಗುರುತಿನಂತೆ ಕೂರುವ ಜೇಡ, ನಾವು ಸಮೀಪಿಸಿದರೆ ಬಲೆಯನ್ನು ಗಡಗಡ ಅಲುಗಿಸುತ್ತದೆ. ಅದು ನಮ್ಮನ್ನು ಹೆದರಿಸುತ್ತಿದೆಯೆಂದು ನಾನು ತಿಳಿದಿದ್ದೆ, ಹೆದರಿದ್ದು ಅದೇ.

ಎಂಟನೆಯ ವಯಸ್ಸಿನಲ್ಲಿ ನನ್ನನ್ನು ಕಚ್ಚಿದ್ದು ಕಾಗದದ ಗೂಡಿನ ಕಣಜ. ಅದೇ ಬಳಗದ ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಭ್ಯಸಿಸಿ, 2001ರಲ್ಲಿ ಅದರ ಸಮಾಜಜೀವನದ ಮೇಲೆ ಗ್ರಂಥವನ್ನೇ ಪ್ರಕಟಿಸಿದರು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆಯಿಟ್ಟು, ಯಾರು ಏನು ಮಾಡುತ್ತಾರೆಂದು ಗಂಟೆಗಟ್ಟಲೆ ಬರೆದುಕೊಳ್ಳುವ ತಪಸ್ಸು ಅದು. ಆ ಗೂಡಿನ ರಾಣಿ ಸೌಮ್ಯ ಸ್ವಭಾವದವಳಂತೆ. ಈ ಕಣಜಗಳು ಗಿಡದ ನಾರನ್ನು ಅಗಿದು ಗೂಡು ಕಟ್ಟುತ್ತವೆ. ಕಂಬಳಿಹುಳು ಮೊದಲಾದ ಹುಳುಗಳನ್ನು ಹಿಡಿದು ಮರಿಗಳಿಗೆ ಉಣಿಸುತ್ತವೆ. ನನ್ನ ಹೆಂಡತಿಯ ಹೀರೆಯ ಬಳ್ಳಿಗೆ ಅವು ಸಂಬಳ ಬೇಡದ ಕಾವಲುಗಾರರು.

ಹಾಗೆಂದು ಎಚ್ಚರ ತಪ್ಪಬಾರದು. ನನ್ನ ಕ್ರಮ ಹೀಗಿದೆ. ತೋಳುದ್ದದ, ತಿಳಿಬಣ್ಣದ ಅಂಗಿ ತೊಡುತ್ತೇನೆ, ಸುಗಂಧ ಪೂಸಿಕೊಳ್ಳುವುದಿಲ್ಲ. ಎಲೆಗಳ ಅಡಿಯನ್ನು ಬಗ್ಗಿ ನೋಡದೆ ಕೈ ಚಾಚುವುದಿಲ್ಲ. ಹೂಕುಂಡ, ಇಟ್ಟಿಗೆಗಳನ್ನು ಮೊದಲು ಕೋಲಿನಿಂದ ಸರಿಸುತ್ತೇನೆ, ಅಡಿಯಲ್ಲಿ ಚೇಳಿರಬಹುದು. ಹೊರಗೆ ಬಿಟ್ಟ ಪಾದರಕ್ಷೆಯನ್ನು ಕೊಡವಿ ಮೆಟ್ಟುತ್ತೇನೆ. ಕಣಜ ಬಳಿ ಸುಳಿದರೆ ಕೈ ಬೀಸದೆ ಮೆಲ್ಲಗೆ ಹಿಂದೆ ಸರಿಯುತ್ತೇನೆ. ಜೇನು ಕುಟುಕಿದರೆ ಅದರ ಮುಳ್ಳು ಚರ್ಮದಲ್ಲೇ ಉಳಿದು ವಿಷ ಹರಿಸುತ್ತಿರುತ್ತದೆ. ಕೂಡಲೇ ಉಗುರಿನಿಂದ ಕೆರೆದು ತೆಗೆದು, ಸೋಪಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಬೇಕು. ಮರದ ಮೇಲಿನ ಹೆಜ್ಜೇನಿನ ಮಾತು ಬೇರೆ. ಅದಕ್ಕೆ ಕಲ್ಲು, ಹೊಗೆ, ಗದ್ದಲ ಯಾವುದೂ ಸಲ್ಲದು. ಎದ್ದರೆ ಮುಖ ಮುಚ್ಚಿಕೊಂಡು ಮನೆಯೊಳಗೆ ಓಡಿ ಬಾಗಿಲು ಹಾಕಬೇಕು. ಅಲ್ಲಿ ಓಟವೇ ವಿವೇಕ.

ಇನ್ನೊಂದು ಮುಖ್ಯವಾದ ಮಾತು. ಕೆಲವರ ಶರೀರಕ್ಕೆ ಒಂದೇ ಕುಟುಕೂ ಪ್ರಾಣಾಂತಿಕವಾಗಬಹುದು. 1902ರಲ್ಲಿ ಪೋರ್ಟಿಯೇ ಮತ್ತು ರಿಷೆ ಎಂಬ ಫ್ರೆಂಚ್ ವಿಜ್ಞಾನಿಗಳು ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು; ಈ ಸಂಶೋಧನೆಗಾಗಿ ರಿಷೆಯವರಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ಬಂತು. ಕಚ್ಚಿದ ಜಾಗ ಊದುವುದು ಸಹಜ. ಆದರೆ ಮೈತುಂಬ ದದ್ದು, ತುಟಿ ಗಂಟಲುಗಳ ಊತ, ಉಸಿರಾಟಕ್ಕೆ ತೊಂದರೆ, ತಲೆಸುತ್ತು ಕಂಡರೆ ಸುಣ್ಣ ಹುಡುಕುತ್ತ ಕೂರಬಾರದು. ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಜೀವ ಉಳಿಸುತ್ತದೆ. ಒಮ್ಮೆ ಹೀಗಾದವರು ಹೆದರುವುದು ನ್ಯಾಯ. ಅವರಿಗೆ ಬೇಕಾದ್ದು ನನ್ನ ಏಣಿಯಲ್ಲ, ವೈದ್ಯರ ಸಲಹೆ. ಭಯದಿಂದ ಮನೆಯ ಹೊರಗೇ ಕಾಲಿಡಲಾಗದವರೂ ಸಂಕೋಚವಿಲ್ಲದೆ ಮನೋವೈದ್ಯರನ್ನು ಕಾಣಬೇಕು. ಗುಣವಾಗುವ ವ್ಯಾಧಿಯನ್ನು ಸ್ವಭಾವವೆಂದು ಹೊತ್ತುಕೊಂಡಿರಬೇಕಾಗಿಲ್ಲ.

ನನ್ನ ಭಯ ಪೂರ್ತಿ ಹೋಯಿತೆ? ಇಲ್ಲ. ಹಠಾತ್ತನೆ ಕಿವಿಯ ಬಳಿ ಗುಂಯ್ ಎಂದರೆ ಎಂಟು ವರ್ಷದ ಹುಡುಗ ಈಗಲೂ ಒಳಗೆ ಎದ್ದು ಕೂರುತ್ತಾನೆ. ಆದರೆ ಅವನನ್ನು ಓಡಗೊಡದಷ್ಟು ಹಿರಿಯನಾಗಿದ್ದೇನೆ. ಮರುವರ್ಷದ ರಜೆಯಲ್ಲಿ ಮೊಮ್ಮಗಳು ಬಂದಾಗ ದಾಸವಾಳದ ಮುಂದೆ ನನ್ನ ಪಕ್ಕದಲ್ಲಿ ನಿಂತಳು. ಮೊದಲು ನನ್ನ ಮುಖ ನೋಡಿದಳು, ಆಮೇಲೆ ಜೇಡವನ್ನು. ಬಹಳ ಹೊತ್ತಿನ ಮೇಲೆ, “ತಾತ, ಅದಕ್ಕೆ ನಮ್ಮನ್ನು ಕಂಡರೆ ಭಯವಾ?” ಎಂದು ಪಿಸುಗುಟ್ಟಿದಳು.

“ಹೌದಮ್ಮ, ಸ್ವಲ್ಪ ಹಿಂದೆ ನಿಲ್ಲೋಣ” ಎಂದೆ. ನಾವಿಬ್ಬರೂ ಒಂದು ಹೆಜ್ಜೆ ಹಿಂದೆ ಸರಿದೆವು. ಈ ಬಾರಿ ಹಿಂದೆ ಸರಿದದ್ದು ನಮ್ಮ ಭಯಕ್ಕಲ್ಲ.