ಬೋರ್ ಹೊಡೆಸುವ ಮುನ್ನ

ಧಾರವಾಡದ ಸಪ್ತಾಪುರ ಬಾವಿಯ ಸುತ್ತಲಿನ ಓಣಿಗಳಲ್ಲಿ ಖೋಲಿ ಹಿಡಿದು ಪರೀಕ್ಷೆಗೆ ಓದುವ ಹುಡುಗರಲ್ಲಿ ಒಬ್ಬ ಊರಿನಿಂದ ಹಳೆಯ ಯಮಹಾ ಆರ್‌ಎಕ್ಸ್ 100 ತಂದನೆಂದರೆ, ಅದು ಅವನಿಗಿಂತ ಹಿರಿಯ ಗಾಡಿ. 1985ರಲ್ಲಿ ಬಂತು, 1996ರಲ್ಲಿ ತಯಾರಿಕೆ ನಿಂತಿತು. ಅಪ್ಪನದೋ ಕಾಕಾನದೋ ಆಗಿರುತ್ತದೆ. ಪಿಕಪ್ ಇಲ್ಲ, ಹೊಗಿ ಭಾಳ. ಇಂಜಿನ್ ಕೆಲಸ ಆಗಬೇಕು, ಓಟವೂ ಹೆಚ್ಚಬೇಕು, ರೊಕ್ಕ ಮಾತ್ರ ಕಡಿಮೆ.

ಇಲ್ಲಿ ಕೈಹಿಡಿಯುವುದು ಬೋರಿಂಗ್ ಕಸುಬು. ಈ ಸಿಲಿಂಡರಿನ ಒಳವ್ಯಾಸ 50 ಮಿ.ಮೀ., ಪಿಸ್ಟನ್ ಓಡಾಡುವ ದೂರವೂ 50 ಮಿ.ಮೀ.; ಅಷ್ಟರಲ್ಲೇ 98 ಸಿಸಿ, 11 ಅಶ್ವಶಕ್ತಿ. ವರ್ಷಗಟ್ಟಲೆ ಉಜ್ಜಿ ಸಿಲಿಂಡರ್ ಸವೆದು ಅದರ ದುಂಡು ಕೆಡುತ್ತದೆ. ಕಸುಬು ಬಲ್ಲವರು ಮೊದಲು ಹೊಸ ಪಿಸ್ಟನ್ ಕೇಳುತ್ತಾರೆ. ಅದನ್ನು ಅಳೆದು, ಅದಕ್ಕೆ ತಕ್ಕಂತೆ ಸಿಲಿಂಡರ್ ಕೊರೆಯುತ್ತಾರೆ. ನಡುವೆ ಬಿಡುವ ಸಂದು ತಲೆಗೂದಲಿಗಿಂತ ತೆಳು. ಆಮೇಲೆ ಹೋನಿಂಗ್: ಒಳಗೋಡೆಗೆ ಅಡ್ಡಡ್ಡ ಸಣ್ಣ ಗೆರೆ ಎಳೆದರೆ ಆಯಿಲ್ ಅಲ್ಲಿ ನಿಲ್ಲುತ್ತದೆ. ಕೊನೆಯಲ್ಲಿ ಪೋರ್ಟುಗಳ ಚೂಪು ಅಂಚನ್ನು ಉಜ್ಜಿ ಮೊಂಡು ಮಾಡಲೇಬೇಕು, ಇಲ್ಲದಿದ್ದರೆ ರಿಂಗ್ ಸಿಕ್ಕು ಮುರಿಯುತ್ತದೆ. ಕೆಲಸ ಮಾಡಿಸುವವರು ಕೇಳದೆ ಬಿಡುವುದು ಇದನ್ನೇ. ಕೇಳಿ.

ಬೋರ್ ಹೊಡೆಸಿದರೆ ಶಕ್ತಿ ಹೆಚ್ಚುತ್ತದೆಂಬ ನಂಬಿಕೆ ಗಟ್ಟಿಯಾಗಿದೆ. ಪಿಸ್ಟನ್ 0.25 ಮಿ.ಮೀ. ಅಂತರದಲ್ಲಿ ನಾಲ್ಕು ಓವರ್‌ಸೈಜಿನಲ್ಲಿ ಸಿಗುತ್ತದೆ. ಕೊನೆಯದಾದ 51 ಮಿ.ಮೀ.ಗೆ ಹೋದರೂ 102 ಸಿಸಿ, ಅಂದರೆ ಹೆಚ್ಚಿದ್ದು ನಾಲ್ಕೇ ಸಿಸಿ. ಅದರಾಚೆ ಸ್ಲೀವ್ ಹಾಕಿಸಬೇಕು. ಆದ್ದರಿಂದ ಸವೆತ ಹೋಗುವ ಕನಿಷ್ಠ ಅಳತೆಗೇ ಕೊರೆಸಿ, ಮುಂದಿನ ಸೈಜುಗಳು ಉಳಿಯಲಿ.

ರೊಕ್ಕ ಕಡಿಮೆಯಿದ್ದವರು ಕ್ರ್ಯಾಂಕಿನ ಆಯಿಲ್ ಸೀಲಿನಲ್ಲಿ ಉಳಿಸಬಾರದು. ಸೀಲ್ ಸೋತರೆ ಹೊರಗಾಳಿ ಒಳನುಗ್ಗಿ ಪೆಟ್ರೋಲಿನ ಪಾಲು ಇಳಿಯುತ್ತದೆ, ಇಂಜಿನ್ ಕಾದು ಹೊಸ ಪಿಸ್ಟನ್ನೇ ಜಾಮ್ ಆಗುತ್ತದೆ. ಕನೆಕ್ಟಿಂಗ್ ರಾಡ್ ಬದಲಿಸಿದರೆ ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಕೂರಿಸಿ ಡಯಲ್ ಗೇಜಿನಲ್ಲಿ ನೇರ ನೋಡಿಸಬೇಕು. ಸೈಲೆನ್ಸರಿನ ಮಸಿ ತೆಗೆಸಿ, ಕಾರ್ಬುರೇಟರ್ ತೊಳೆಸಿ, ರೀಡ್ ವಾಲ್ವಿನ ಎಲೆ ಬಿರುಕು ಬಿಟ್ಟಿದೆಯೇ ನೋಡಿಸಿ. ಕಳೆದುಹೋದ ಓಟದ ಬಹುಪಾಲು ಇಷ್ಟರಲ್ಲೇ ಮರಳುತ್ತದೆಂಬುದು ನನ್ನ ಅಭಿಪ್ರಾಯ. ಸದ್ದು ಮಾಡುವ ಸೈಲೆನ್ಸರಿಗೆ ಸುರಿಯುವ ದುಡ್ಡು ವ್ಯರ್ಥ. ತಯಾರಕರ ಅಳತೆ ಮೀರಿ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಒಪ್ಪುವುದಿಲ್ಲ.

ಆರ್‌ಎಕ್ಸ್‌ನಂಥ ಟೂ ಸ್ಟ್ರೋಕ್ ಇಂಜಿನ್ ಕನ್ನಡ ನಾಡಿಗೆ ಹೊಸತಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ಕಟ್ಟಿತು. ಅವು ಇಂದಿಗೂ ರಸ್ತೆಯಲ್ಲಿವೆಯೆಂದರೆ ಅದು ಬೋರಿಂಗ್ ಕಸುಬಿನವರ ಕೈಗುಣ.

ಹೊಸ ಬೋರಿನ ಮೊದಲ 500 ಕಿ.ಮೀ. ನಿಧಾನವಾಗಿ ಓಡಿಸಿ. ಸಪ್ತಾಪುರದಿಂದ ಹುಬ್ಬಳ್ಳಿ ಸುಮಾರು 20 ಕಿ.ಮೀ.; ಹನ್ನೆರಡು ಹದಿಮೂರು ಸಲ ಹೋಗಿ ಬಂದರೆ ಲೆಕ್ಕ ಮುಗಿಯುತ್ತದೆ. ಅಲ್ಲಿಯವರೆಗೆ ದಾರಿಯ ನವಲೂರ ಏರಿನಲ್ಲಿ ಎಕ್ಸಲೇಟರ್ ಪೂರ್ತಿ ತಿರುವಬೇಡಿ.