ನಿಮಗಿದು ಗೊತ್ತೆ? ಸಸ್ಯಾಹಾರಿಗಳ ಸುಕ್ಕಕ್ಕೆ ಕಲ್ಲಣಬೆ

ಮಳೆಗಾಲದ ಮೊದಲ ಗುಡುಗು ಕೇಳಿಸಿದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪೇಟೆಗಳಲ್ಲಿ ಕಲ್ಲಣಬೆಗೆ ಹುಡುಕಾಟ ಶುರು. ತುಳುವರಿಗೆ ಇದು ಕಲ್ಲಲಾಂಬು. ಮಾಂಸದ ಬದಲು ಇದನ್ನೇ ಹಾಕಿ ಸಸ್ಯಾಹಾರಿಗಳು ಸುಕ್ಕ (ಒಣ ಮಸಾಲೆ ಪಲ್ಯ) ಮಾಡುತ್ತಾರೆ.

● ಇದಕ್ಕೆ ಕೊಡೆಯೂ ಇಲ್ಲ, ಕಾಂಡವೂ ಇಲ್ಲ. ಗೋಲಿಯಂತೆ ದುಂಡಗೆ ಮುರಕಲ್ಲಿನ ಮಣ್ಣಿನಲ್ಲಿ ಅಡಗಿರುವ ಇದನ್ನು ಕೆದಕಿ ತೆಗೆಯಬೇಕು. ಆಸ್ಟ್ರೇಯಸ್ ಎಂಬುದು ಇದರ ಕುಲ.

● ಕಿರಾಲುಬೋಗಿಯಂಥ ಮರಗಳ ಬೇರಿಗೆ ಇದು ನೀರು, ಖನಿಜ ಒದಗಿಸುತ್ತದೆ. ಮರದಿಂದ ಸಕ್ಕರೆ ಪಡೆಯುತ್ತದೆ. ಹಾಗಾಗಿ ಚಿಪ್ಪಣಬೆಯಂತೆ ಬೈಹುಲ್ಲಿನ ಚೀಲದಲ್ಲಿ ಬೆಳೆಸಲಾಗದು. ಮರ ಉಳಿದರಷ್ಟೇ ಕಲ್ಲಣಬೆ ಉಳಿದೀತು.

● ಕತ್ತರಿಸಿದಾಗ ಒಳಗೆ ಅಚ್ಚ ಬಿಳಿಯಿದ್ದರೆ ಎಳೆಯದು, ಅಡುಗೆಗೆ ಯೋಗ್ಯ. ಕಪ್ಪಾಗಿದ್ದರೆ ಬಲಿತದ್ದು, ಬೇಡ.

● ಅಣಬೆಯ ಜೀವಕೋಶದ ಗೋಡೆಯಲ್ಲಿರುವುದು ಕೈಟಿನ್. ಸಿಗಡಿಯ ಚಿಪ್ಪಿನಲ್ಲಿಯೂ ಇದೇ ಇದೆ. ಬಿಸಿಗೆ ಕರಗದ ಇದರಿಂದಾಗಿ ಎಷ್ಟು ಬೇಯಿಸಿದರೂ ಅಣಬೆ ಮುದ್ದೆಯಾಗದು. ಮಾಂಸದಂಥ ರುಚಿ ಕೊಡುವುದು ಗ್ಲುಟಮೇಟ್.

● ರುಚಿ ಮಾಂಸದ್ದಾದರೂ ಪ್ರೋಟೀನ್ ಅಷ್ಟಿಲ್ಲ. ಹಸಿ ಅಣಬೆಗಳಲ್ಲಿ ಸಾಮಾನ್ಯವಾಗಿ ಶೇ. 90ರಷ್ಟು ನೀರೇ; 100 ಗ್ರಾಂಗೆ ಪ್ರೋಟೀನ್ ಸುಮಾರು 3 ಗ್ರಾಂ. ಸಸ್ಯಾಹಾರಿಗಳು ಕಡಲೆ, ಹೆಸರುಕಾಳು, ಸೋಯಾ ಬಿಡಬಾರದು.

ಎಚ್ಚರಿಕೆ: ಬಲ್ಲವರು ಗುರುತಿಸಿಕೊಡದ ಕಾಡಣಬೆಯನ್ನು ಎಂದೂ ತಿನ್ನಬೇಡಿ. ಬೇಯಿಸಿದ ಮಾತ್ರಕ್ಕೆ ಎಲ್ಲ ವಿಷವೂ ಹೋಗುವುದಿಲ್ಲ.