‘ಅಯ್ಯೋ, ನನ್ನಿಂದಾಗುತ್ತಾ?’ ಅನ್ನುವ ಮುನ್ನ...

‘ನಿಮ್ಮ ಕೈರುಚಿಗೆ ಒಂದು ಅಂಗಡಿನೇ ಇಡಬಹುದು ಕಣ್ರೀ!’

ಹಬ್ಬಕ್ಕೆ ಕೊಟ್ಟ ಕೋಡುಬಳೆ ತಿಂದ ಎದುರುಮನೆಯವರು ಹೀಗಂದಾಗ ನೀವು ಒಳಗೊಳಗೇ ಹಿಗ್ಗಿದ್ದೀರಿ ಅಲ್ಲವೇ? ರಾತ್ರಿ ಪಾತ್ರೆ ತೊಳೆಯುತ್ತಾ ಲೆಕ್ಕವನ್ನೂ ಹಾಕಿದ್ದೀರಿ. ತಿಂಗಳಿಗೆ ಮೂರು ಸಾವಿರ ಬಂದರೂ ಮಗಳ ಟ್ಯೂಷನ್ ಫೀಸಿಗಾಯಿತು. ಆದರೆ ಬೆಳಗಾಗುವಷ್ಟರಲ್ಲಿ ಆ ಲೆಕ್ಕ ಎಲ್ಲೋ ಹೋಗಿ, ‘ಅಯ್ಯೋ, ನನ್ನಿಂದಾಗುತ್ತಾ?’ ಎಂಬ ಪ್ರಶ್ನೆಯಷ್ಟೇ ಉಳಿಯುತ್ತದೆ.

ಆ ಪ್ರಶ್ನೆಯನ್ನು ಎರಡು ವರ್ಷ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದವಳು ನಾನು. ನಮ್ಮವರ ಸಂಬಳ ಎರಡು ತಿಂಗಳು ನಿಂತುಹೋದಾಗ ಬೇರೆ ದಾರಿಯಿಲ್ಲದೆ ಬಾಣಲೆ ಇಟ್ಟೆ. ಭಯ ಹೋದ ಮೇಲೆ ಕೆಲಸ ಶುರು ಮಾಡಿದ್ದಲ್ಲ, ಶುರು ಮಾಡಿದ ಮೇಲೆ ಒಂದೊಂದಾಗಿ ಭಯ ಹೋಯಿತು. ನಿಮ್ಮ ಭಯವೂ ಇವುಗಳಲ್ಲೇ ಯಾವುದೋ ಒಂದಿರಬಹುದು, ನೋಡಿ.

ಜನ ಏನಂದಾರು?

‘ಮನೆ ಹೆಣ್ಮಗಳು ತಿಂಡಿ ಮಾರ್ತಾಳೆ ಅಂದ್ರೆ ನೆಂಟರು ಏನಂದುಕೊಳ್ಳಲ್ಲ?’ ಎಂದಿದ್ದರು ನಮ್ಮತ್ತೆ. ನಾನು ವಾದ ಮಾಡಲಿಲ್ಲ. ಲಿಜ್ಜತ್ ಹಪ್ಪಳದ ಕಥೆ ಹೇಳಿದೆ. 1959ರಲ್ಲಿ ಮುಂಬೈನ ಗಿರ್ಗಾಂವ್‌ನಲ್ಲಿ ಏಳು ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಮಾಳಿಗೆ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಆಗಿದ್ದು ಬರೀ ನಾಲ್ಕು ಪ್ಯಾಕೆಟ್. ಅವರಲ್ಲೊಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅಂದುಕೊಳ್ಳುವವರು ಆಗಲೂ ಇದ್ದಿರಬೇಕು! ಈಗ ನಮ್ಮ ಮನೆಯಲ್ಲಿ ಹಿಟ್ಟಿನ ಹದ ನೋಡಿ ‘ಇನ್ನೊಂಚೂರು ಬಿಸಿ ಎಣ್ಣೆ ಹಾಕು’ ಎನ್ನುವುದು ಅತ್ತೆಯೇ.

ದುಡ್ಡು ಕೇಳಲು ಸಂಕೋಚ

ಇದು ನಷ್ಟದ ಭಯಕ್ಕಿಂತ ದೊಡ್ಡದು. ನಷ್ಟವಾಗುವುದೂ ಇದರಿಂದಲೇ. ನನ್ನ ಮೊದಲ ಆರ್ಡರು ಐದು ಕೆ.ಜಿ. ಕೋಡುಬಳೆ. ಪರಿಚಯದವರು ಅಂತ ಕೆ.ಜಿ.ಗೆ 220 ಹೇಳಿದೆ. ಕೈಗೆ 1,100 ರೂಪಾಯಿ ಬಂದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ಬರೆದು ನೋಡಿದರೆ ಸಾಮಾನಿಗೆ 700, ಗ್ಯಾಸಿಗೆ 120, ಪ್ಯಾಕಿಂಗಿಗೆ 80, ಆಟೋಗೆ 150. ಒಟ್ಟು 1,050. ಎರಡು ದಿನ ಒಲೆ ಮುಂದೆ ಬೆಂದದ್ದಕ್ಕೆ ಉಳಿದದ್ದು 50 ರೂಪಾಯಿ!

ಆದ್ದರಿಂದ ಮೊದಲ ದಿನವೇ 40 ರೂಪಾಯಿಯ ಒಂದು ನೋಟ್‌ಬುಕ್ ತನ್ನಿ. ಎಣ್ಣೆ, ಗ್ಯಾಸು, ಕವರು, ಆಟೋ ಎಲ್ಲ ಬರೆಯಿರಿ. ಅದರ ಕೆಳಗೆ ‘ನನ್ನ ಕೂಲಿ’ ಅಂತ ಒಂದು ಸಾಲು ಸೇರಿಸಿ. ಬೇರೆಯವರನ್ನು ಕೆಲಸಕ್ಕೆ ಕರೆದಿದ್ದರೆ ಕೊಡುತ್ತಿದ್ದಿರಲ್ಲ, ಅಷ್ಟು. ಆಮೇಲೆ ಬೆಲೆ ಹೇಳಿ. ಹೇಳುವಾಗ ತಲೆ ತಗ್ಗಿಸಬೇಡಿ. ಮನೆ ಖರ್ಚಿನ ಡಬ್ಬಿ ಬೇರೆ, ವ್ಯಾಪಾರದ ಡಬ್ಬಿ ಬೇರೆ ಇರಲಿ.

ಬಂಡವಾಳ ಎಲ್ಲಿಂದ?

ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಮನೆಯಲ್ಲಿರುವ ಬಾಣಲೆ, ಒರಳು ಒತ್ತಿನಲ್ಲೇ ಮೊದಲ ಮೂರು ತಿಂಗಳು ಕಳೆಯಲಿ. ಬಳೆ ಅಡವಿಟ್ಟು ದೊಡ್ಡ ಮಿಷನ್ ತರುವ ಆತುರ ಬೇಡ. ಆರ್ಡರು ನಿಭಾಯಿಸಲಾಗದಷ್ಟು ಬಂದಾಗ ಬ್ಯಾಂಕಿಗೆ ಹೋಗಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50 ಸಾವಿರದವರೆಗಿನ ಸಾಲಕ್ಕೆ ಅಡಮಾನ ಬೇಕಿಲ್ಲ. ಮ್ಯಾನೇಜರ್ ಮೊದಲು ಕೇಳುವುದು ‘ಎಷ್ಟು ವ್ಯಾಪಾರ ಆಗ್ತಿದೆಯಮ್ಮಾ?’ ಅಂತ. ಆಗ ಆ ನೋಟ್‌ಬುಕ್ಕೇ ನಿಮ್ಮ ಪರವಾಗಿ ಮಾತಾಡುತ್ತದೆ.

ಕಾಗದಪತ್ರದ ಗುಮ್ಮ

‘ಲೈಸೆನ್ಸಿಗೆ 2,500 ಆಗುತ್ತೆ’ ಎಂದು ಒಬ್ಬ ಏಜೆಂಟ್ ನನ್ನನ್ನು ಹೆದರಿಸಿದ್ದ. ನಿಜ ಏನೆಂದರೆ, ಮನೆಯಲ್ಲೇ ಸಣ್ಣ ಪ್ರಮಾಣದಲ್ಲಿ ತಿಂಡಿ ಮಾಡುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿಯಷ್ಟೇ ಸಾಕು. ನಾನು ಮಾಡಿಸಿದಾಗ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಬರುವ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಿ. ಜೊತೆಗೆ ಏನೇನು ಬಳಸಿದ್ದೀರಿ, ತೂಕ, ತಯಾರಿಸಿದ ದಿನ, ನಿಮ್ಮ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಲಿ. 2020ರಿಂದ ಬಂದಿರುವ ‘ಉದ್ಯಮ್’ ನೋಂದಣಿಗೆ ಸರ್ಕಾರದ ತಾಣದಲ್ಲಿ ಶುಲ್ಕವೇ ಇಲ್ಲ. ಯಾರಾದರೂ ದುಡ್ಡು ಕೇಳಿದರೆ ಎಚ್ಚರ.

ಕಲಿಯಬೇಕೆಂದರೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿಯೊಂದಿಗೆ ಉಚಿತ ತರಬೇತಿ ಇದೆ. ಅದೇ ಮಾದರಿಯ ಆರ್‌ಸೆಟಿ ಕೇಂದ್ರಗಳು ಜಿಲ್ಲೆ ಜಿಲ್ಲೆಗಳಲ್ಲಿವೆ. ಬೆಂಗಳೂರಿನವರಿಗೆ 1983ರಿಂದ ಮಹಿಳಾ ಉದ್ದಿಮೆದಾರರ ಜೊತೆಗಿರುವ ‘ಅವೇಕ್’ ಇದೆ.

ಮಾಲು ಕೆಟ್ಟರೆ?

ಕೆಡುತ್ತದೆ, ನನ್ನದೂ ಕೆಟ್ಟಿತು. ಒಂದು ಆಷಾಢದಲ್ಲಿ ಸೀಮಂತಕ್ಕೆಂದು ಮೂರು ಕೆ.ಜಿ. ಚಕ್ಕುಲಿ ಕಳಿಸಿದ್ದೆ. ಪೂರ್ತಿ ಆರುವ ಮೊದಲೇ ಕವರಿಗೆ ತುಂಬಿದ್ದರಿಂದ ಎಲ್ಲ ಮೆತ್ತಗಾಗಿತ್ತು. ಫೋನು ಬಂದಾಗ ಕೈಕಾಲು ತಣ್ಣಗಾಯಿತು. ‘ಇನ್ನು ಸಾಕು’ ಅಂತ ಅತ್ತೂ ಬಿಟ್ಟೆ. ಆಮೇಲೆ ಅವರ ದುಡ್ಡು ವಾಪಸ್ ಕೊಟ್ಟು, ‘ತಪ್ಪು ನನ್ನದೇ’ ಎಂದು ಹೇಳಿ, ಮರುದಿನವೇ ಒಂದು ಕೆ.ಜಿ. ಹೊಸದಾಗಿ ಮಾಡಿಕೊಟ್ಟೆ. ಆ ಮನೆಯವರು ಇವತ್ತಿಗೂ ನನ್ನ ಗಿರಾಕಿ. ಅಂದಿನಿಂದ ಮಳೆಗಾಲದಲ್ಲಿ ಒಂದು ರಾತ್ರಿ ಮುಂಚೆಯೇ ಕರಿದು, ಪೂರ್ತಿ ಆರಿಸಿ, ಗಾಳಿಯಾಡದ ಡಬ್ಬಿಗೆ ತುಂಬಿಟ್ಟು, ಬೆಳಿಗ್ಗೆ ಒಂದು ಮುರಿದು ನೋಡದೆ ಯಾವ ಪೊಟ್ಟಣವನ್ನೂ ಕಳಿಸಿಲ್ಲ.

ಭಯಕ್ಕೂ ಬೆಲೆಯಿದೆ

ಎಲ್ಲ ಭಯವೂ ಸುಳ್ಳಲ್ಲ. ಮನೆ ಬಾಡಿಗೆಯ ದುಡ್ಡು, ಮಕ್ಕಳ ಫೀಸಿನ ದುಡ್ಡು ಎಣ್ಣೆಗೆ ಹೋಗುತ್ತಿದ್ದರೆ ಆ ಭಯದ ಮಾತು ಕೇಳಿ, ನಿಲ್ಲಿಸಿ. ‘ಇಷ್ಟು ಹೋದರೆ ಹೋಗಲಿ, ಇದಕ್ಕಿಂತ ಹೆಚ್ಚು ಹಾಕಲ್ಲ’ ಎಂಬ ಗೆರೆಯನ್ನು ಮೊದಲೇ ಎಳೆದುಕೊಳ್ಳಿ. ನನ್ನ ಗೆರೆ ಎರಡು ಸಾವಿರದ್ದಾಗಿತ್ತು. ಗೆರೆ ಇದ್ದದ್ದರಿಂದಲೇ ರಾತ್ರಿ ನಿದ್ದೆ ಬಂತು.

ಈ ವಾರ ಬೋರ್ಡು ಹಾಕಬೇಡಿ, ಸಾಲ ಮಾಡಬೇಡಿ. ಒಂದೇ ಒಂದು ಕೆ.ಜಿ. ಮಾಡಿ, ಖರ್ಚು ಬರೆದು, ಸರಿಯಾದ ಬೆಲೆ ಹೇಳಿ, ಎದುರುಮನೆಯವರಿಗೇ ಮಾರಿ. ಅಂಗಡಿ ಇಡಿ ಅಂದವರೇ ಅವರಲ್ಲವೇ, ಮೊದಲ ಬೋಣಿ ಅವರದೇ ಆಗಲಿ!